ಮೇಲಿನ ಕೊರತೆ, ಕೆಳಗಿನ ತೆರಿಗೆ

ಮಾರ್ಚ್ ಬಂತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಅಂಗಡಿಗಳಲ್ಲಿ ಪಂಚಾಯತಿನದ್ದೇ ಮಾತು. ಕಟ್ಟಡ ತೆರಿಗೆ ಕಟ್ಟಿ ಆಯಿತಾ, ಲೈಸೆನ್ಸ್ ಹೊಸತು ಮಾಡಿಸಿ ಆಯಿತಾ, ಈ ಸಲ ಎಷ್ಟು ಹೆಚ್ಚಾಯಿತು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಬೈಗುಳ ಸಿಗುವುದು ವಾರ್ಡ್ ಮೆಂಬರಿಗೆ. ಆದರೆ ಈ ತೆರಿಗೆಯ ಚರಿತ್ರೆ ಪಂಚಾಯತು ಕಚೇರಿಯಲ್ಲಿ ಶುರುವಾದದ್ದಲ್ಲ.

ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತದಲ್ಲಿ ಅಂಗಡಿ, ಮಗ್ಗ, ಗಾಣಗಳ ಮೇಲೆ 'ಮೊಹತರ್ಫಾ' ಎಂಬ ಹಳೆಯ ತೆರಿಗೆಯಿತ್ತು. ನಮ್ಮ ಕೆನರಾ ಜಿಲ್ಲೆಯೂ ಅದನ್ನು ಕಟ್ಟುತ್ತಿತ್ತು. 1857ರ ದಂಗೆಯನ್ನು ಅಡಗಿಸುವಷ್ಟರಲ್ಲಿ ಸರಕಾರದ ಸಾಲ ಬೆಳೆದಿತ್ತು. ಅದನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆ ತಂದರು. ಅಷ್ಟರಿಂದಲೂ ಸಾಲದಾದಾಗ ಖರ್ಚನ್ನೇ ಊರುಗಳ ಮೇಲೆ ಇಳಿಸುವ ಉಪಾಯ ಬಂತು. ಮದ್ರಾಸಿನ 1865ರ ಪಟ್ಟಣ ಸುಧಾರಣಾ ಕಾಯಿದೆಯಂತೆ ಮರುವರ್ಷ ಮಂಗಳೂರಿಗೆ ಮುನಿಸಿಪಾಲಿಟಿ ಬಂತು. ಆ ಕಾಯಿದೆಯ ಪ್ರಕಾರ ಪಟ್ಟಣದ ಪೊಲೀಸ್ ವೆಚ್ಚದ ದೊಡ್ಡ ಪಾಲನ್ನು ಪಟ್ಟಣದವರೇ ತೆರಬೇಕಿತ್ತು. ಹೆಸರು ಸುಧಾರಣೆಯದ್ದು, ಉದ್ದೇಶ ಖಜಾನೆಯ ಹೊರೆ ಇಳಿಸುವುದು.

ದೊಡ್ಡ ತಿರುವು 1870ರ ಡಿಸೆಂಬರ್ 14ರದ್ದು. ವೈಸರಾಯ್ ಲಾರ್ಡ್ ಮೇಯೊ ಅವರ ಸರಕಾರ ಅಂದು ಜೈಲು, ಪೊಲೀಸ್, ಶಿಕ್ಷಣ, ಆಸ್ಪತ್ರೆ, ರಸ್ತೆಗಳ ಖರ್ಚನ್ನು ಪ್ರಾಂತಗಳಿಗೆ ಬಿಟ್ಟುಕೊಟ್ಟಿತು. ಜೊತೆಗೆ ಗೊತ್ತಾದ ಮೊತ್ತವನ್ನೂ ಕೊಟ್ಟಿತು. ಆದರೆ ಆ ಮೊತ್ತ ಹಿಂದಿನ ಖರ್ಚಿಗಿಂತ 3 ಲಕ್ಷ ಪೌಂಡಿಗೂ ಹೆಚ್ಚು ಕಡಿಮೆಯಿತ್ತು. ಉಳಿದದ್ದನ್ನು ಸ್ಥಳೀಯ ತೆರಿಗೆಯಿಂದ ಎಬ್ಬಿಸಿಕೊಳ್ಳಿ ಎಂಬುದೇ ಅದರ ಅರ್ಥ. ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಯಂತ್ರದಲ್ಲಿ ಮೇಲಿನ ಭಾರವೆಲ್ಲ ಕೊನೆಗೆ ತಳದ ಬೇರಿಂಗಿನ ಮೇಲೆ ಬೀಳುತ್ತದೆ. ಇಲ್ಲಿ ಆ ಬೇರಿಂಗು ಮನೆ ಮತ್ತು ಅಂಗಡಿ.

ಮರುವರ್ಷವೇ ಮದ್ರಾಸ್ ಸರಕಾರ ಲೋಕಲ್ ಫಂಡ್ ಕಾಯಿದೆ ಮಾಡಿತು. ಹೊಸದುರ್ಗದಿಂದ ಕುಂದಾಪುರದವರೆಗಿನ ದಕ್ಷಿಣ ಕನ್ನಡವೂ ಅದರ ಕೆಳಗೆ ಬಂತು. ಭೂಕಂದಾಯದ ಜೊತೆಗೆ ರೂಪಾಯಿಗೆ ಒಂದಾಣೆಯವರೆಗೆ ಸೆಸ್ ಹಾಕಬಹುದಿತ್ತು. ರಸ್ತೆಯ ಸುಂಕ ಬೇರೆ, ಹಳ್ಳಿಶಾಲೆಗೆಂದು ಮನೆ ತೆರಿಗೆ ಬೇರೆ. ಬೋರ್ಡಿನ ಅಧ್ಯಕ್ಷರು ಕಲೆಕ್ಟರ್, ಸದಸ್ಯರು ಸರಕಾರ ನೇಮಿಸಿದವರು. ಪ್ರಾಂತದ ಹಲವೆಡೆ ಈ ಮನೆ ತೆರಿಗೆಗೆ ವಿರೋಧ ಬಂದು ಅದು ನೆಲೆಯೂರಲಿಲ್ಲ. ಶಾಲೆ ಬೇಡವೆಂದು ಜನ ಹೇಳಿದರು ಎಂದು ನನಗೆ ಅನಿಸುವುದಿಲ್ಲ. ಕೊಡುವವನಿಗೆ ಮಾತಿಲ್ಲ, ಮಾತಿರುವವನು ಕೊಡುವುದಿಲ್ಲ, ಅದೇ ತಕರಾರು.

ಲಾರ್ಡ್ ರಿಪ್ಪನ್ 1882ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಜನಪ್ರತಿನಿಧಿಗಳು ಬರಬೇಕೆಂದು ನಿರ್ಣಯ ಮಾಡಿದರು. 1884ರ ಮದ್ರಾಸ್ ಕಾಯಿದೆಯಿಂದ ಜಿಲ್ಲಾ ಬೋರ್ಡು, ತಾಲೂಕು ಬೋರ್ಡು, ಹಳ್ಳಿಗಳ ಯೂನಿಯನ್ ಬಂದವು. ಮನೆ ತೆರಿಗೆಯೂ ಯೂನಿಯನ್‌ಗಳ ಮೂಲಕ ತಿರುಗಿ ಬಂತು. ಆದರೆ ಈ ಸಲ ಅದರ ಫಲ ಕಣ್ಣಿಗೆ ಕಾಣುತ್ತಿತ್ತು. ನಮ್ಮ ಹಿರಿಯರು 'ಬೋರ್ಡು ಶಾಲೆ' ಎನ್ನುವುದು ಆ ದುಡ್ಡಿನಿಂದ ನಡೆದ ಶಾಲೆಗಳನ್ನೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯ ಬದಲಾದರೂ ಲೆಕ್ಕದ ರೀತಿ ಬದಲಾಗಲಿಲ್ಲ. ಇಂದು ಕಟ್ಟಡ ತೆರಿಗೆ, ವೃತ್ತಿ ತೆರಿಗೆ ವಸೂಲು ಮಾಡುವುದು 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯಡಿ. 2023ರ ಏಪ್ರಿಲ್ 1ರಿಂದ ಕಟ್ಟಡ ತೆರಿಗೆ ವರ್ಷಕ್ಕೆ ಶೇ. 5ರಂತೆ ಏರುತ್ತಿದೆ. ಕೇಳಲು ಸಣ್ಣದು. ಆದರೆ ಏರಿದ್ದರ ಮೇಲೆ ಮತ್ತೆ ಏರಿದರೆ 1,000 ರೂಪಾಯಿ ಹತ್ತು ವರ್ಷದಲ್ಲಿ 1,600 ದಾಟುತ್ತದೆ. ಅದೇ ತಿಂಗಳು ಮನೆ ಕಟ್ಟುವ ಪರ್ಮಿಟ್ ಫೀಸು ಹಲವು ಪಟ್ಟು ಏರಿತು. ವಿರೋಧ ಜೋರಾಯಿತು. 2024ರ ಆಗಸ್ಟ್‌ನಲ್ಲಿ ಸರಕಾರ ಅದನ್ನು ಬಹಳಷ್ಟು ಇಳಿಸಬೇಕಾಯಿತು. ಮನೆಯ ಮೇಲಿನ ತೆರಿಗೆಯಿಂದ ಸರಕಾರ ಹಿಂದೆ ಸರಿದದ್ದು ಅದೇ ಮೊದಲಲ್ಲ.

ಅಂಗಡಿಯವನ ಮಗನಾಗಿ ತೆರಿಗೆಯೇ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಉಪ್ಪ ತೆರಿಗೆ ರಶೀದಿಗಳನ್ನು ತಂತಿಗೆ ಚುಚ್ಚಿ ಜೋಪಾನ ಮಾಡುತ್ತಿದ್ದರು. ಅಂಗಡಿ ಎದುರಿನ ಚರಂಡಿಗೂ ಬೀದಿದೀಪಕ್ಕೂ ದುಡ್ಡು ಬೇಕೆಂದು ಅವರಿಗೂ ಗೊತ್ತಿತ್ತು. ಕೇಳಬೇಕಾದ ಪ್ರಶ್ನೆ ಎರಡೇ. ಈ ಕೊರತೆ ಯಾರದು, ಊರಿನದಾ ಮೇಲಿನವರದಾ? ನಮ್ಮಿಂದ ಎತ್ತಿದ ದುಡ್ಡು ನಮ್ಮ ವಾರ್ಡಿಗೆ ಎಷ್ಟು ಬಂತು?

1871ರಲ್ಲಿ ಇದನ್ನು ಕೇಳಲು ನಮ್ಮ ಅಜ್ಜಂದಿರಿಗೆ ಜಾಗ ಇರಲಿಲ್ಲ. ನಮಗಿದೆ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ಕಾನೂನೇ ಹೇಳುತ್ತದೆ, ಮತದಾರರಲ್ಲಿ ಹತ್ತನೇ ಒಂದು ಪಾಲು ಅಲ್ಲಿರಬೇಕೆಂದೂ ಹೇಳುತ್ತದೆ. ಮದುವೆ ಮನೆಗೆ ಸೇರುವಷ್ಟು ಜನ ಅಲ್ಲಿಗೂ ಸೇರಿದರೆ, ಮುಂದಿನ ಬಜೆಟ್ ಬರೆಯುವವರು ನಮ್ಮನ್ನು ಒಂದು ಮಾತು ಕೇಳಿಯೇ ಬರೆಯುತ್ತಾರೆ.