ನಮ್ಮ ಸೀಮೆಯ ಕುಂಬಾರಿಕೆ: ಕಲಿಕೆಯ ಒಂದು ಹಿನ್ನೋಟ



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರದ ವಿಚಾರ ಬರೆಯಲು ಬೇರೆಯವರಿದ್ದಾರೆ. ನಾವು ಬರೆಯುತ್ತಿರುವುದು ನಮ್ಮ ಸಂಘದ ಸಭಾಂಗಣದಲ್ಲಿ ನಡೆದ ಮಡಕೆ ತರಗತಿಯ ಬಗ್ಗೆ. ಅದು ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ಕಲ್ಲುಬೆಟ್ಟದ, ಕೆರೆಗಳ ನಾಡು. ಕೆರೆ ಇದ್ದ ಕಡೆ ಜೇಡಿಮಣ್ಣು, ಜೇಡಿ ಇದ್ದ ಕಡೆ ಕುಂಬಾರರ ಮನೆ. ನೀರಿಗೆ ಹರವಿ, ಕಾಳಿಗೆ ಗುಡಾಣ, ಮದುವೆಗೆ ಐರಣೆ ಗಡಿಗೆ, ಮನೆಗೆ ನಾಡಹೆಂಚು, ಕೊನೆಗೆ ಮಸಣಕ್ಕೂ ಮಡಕೆ. ಸುಗ್ಗಿಯಲ್ಲಿ ಕಣದಿಂದಲೇ ಕುಂಬಾರರಿಗೆ ಆಯ ಸಲ್ಲುತ್ತಿತ್ತು. ಆಗ ತರಗತಿ ಅಂತ ಬೇರೆ ಇರಲಿಲ್ಲ. ಅಪ್ಪನ ತಿಗರಿ ಪಕ್ಕದಲ್ಲಿ ಮಗ ಮಣ್ಣು ತುಳಿಯುತ್ತಾ ಕಲಿಯುತ್ತಿದ್ದ. ತಾಯಿ ಮಡಕೆ ತಟ್ಟುವುದನ್ನು ನೋಡಿ ಮಗಳು ಕಲಿಯುತ್ತಿದ್ದಳು. ಬೇರೆ ಮನೆಯವರು ಕಲಿಯೋದು ಅನ್ನೋ ಮಾತೇ ಇರಲಿಲ್ಲ.

ಬದಲಾವಣೆ ಒಂದೇ ದಿನ ಬರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಊರೂರಿಗೆ ಬಂದು ನಾಡಹೆಂಚು ಹಿಂದೆ ಸರಿಯಿತು. ಆಮೇಲೆ ಅಲ್ಯೂಮಿನಿಯಂ, ಸ್ಟೀಲು, ಕೊನೆಗೆ ಪ್ಲಾಸ್ಟಿಕ್ ಕೊಡ. ಕೊಳ್ಳುವವರು ಕಡಿಮೆಯಾದಂತೆ ಆಯವೂ ನಿಂತಿತು. ಮಕ್ಕಳು ಬೆಂಗಳೂರಿನ ಕೆಲಸಕ್ಕೆ, ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಹೊರಟರು. ಕಲಿಸುವ ಕೈ ಇತ್ತು, ಕಲಿಯುವ ಕೈ ಇರಲಿಲ್ಲ.

ಈ ಅಪಾಯ ಹಿಂದೆಯೇ ಕಂಡವರಿದ್ದರು. 1934ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಕಟ್ಟಿದರು, ಜೆ.ಸಿ. ಕುಮಾರಪ್ಪನವರು ಅದರ ಹೊಣೆ ಹೊತ್ತರು. 1937ರ ವಾರ್ಧಾ ಸಮ್ಮೇಳನದಲ್ಲಿ ಕೈಕಸುಬಿನ ಮೂಲಕವೇ ಶಾಲೆಯ ಪಾಠ ಆಗಬೇಕೆಂಬ ಮೂಲ ಶಿಕ್ಷಣದ ಯೋಜನೆ ಬಂತು. 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಸ್ಥಾಪನೆಯಾಯಿತು. ಕುಂಬಾರಿಕೆ ಕಲಿಸಲೆಂದೇ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಆಯೋಗದ ಸಂಸ್ಥೆಯಿದೆ. 1979ರಲ್ಲಿ ಗ್ರಾಮೀಣ ಯುವಕರ ತರಬೇತಿಗೆ ಟ್ರೈಸೆಮ್ ಬಂತು. 2018ರಲ್ಲಿ ಆಯೋಗವು ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಯೋಜನೆ ತಂದಿತು. 2023ರಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು: 5ರಿಂದ 7 ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ.

ಇಷ್ಟಾದರೂ ಕಸುಬು ಯಾಕೆ ಚಿಗುರಲಿಲ್ಲ? ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ನಮ್ಮ ಭಾಗದಲ್ಲಿ ತರಬೇತಿ ಮಾಡಿದರು. ಭತ್ಯೆ ಕೊಟ್ಟರು, ಪ್ರಮಾಣಪತ್ರ ಕೊಟ್ಟರು, ಫೋಟೋ ತೆಗೆಸಿಕೊಂಡು ಹೋದರು. ಮಣ್ಣು ಎಲ್ಲಿಂದ ತರಬೇಕು, ಎಲ್ಲಿ ಸುಡಬೇಕು, ಯಾರಿಗೆ ಮಾರಬೇಕು ಅಂತ ಒಬ್ಬರೂ ಹೇಳಲಿಲ್ಲ. ತಿಗರಿ ಮೂಲೆ ಸೇರಿತು. ಆ ಪ್ರಮಾಣಪತ್ರ ಇಟ್ಟುಕೊಂಡವರಲ್ಲಿ ನಾವೂ ಒಬ್ಬರು.

ಪಕ್ಕದಲ್ಲೇ ಚನ್ನಪಟ್ಟಣದ ಗೊಂಬೆಯಿದೆ. ಅದಕ್ಕೂ ಕಷ್ಟಕಾಲ ಬಂದಿತ್ತು. ಆದರೆ ಅಲ್ಲಿ ಕಲಿಸುವುದರ ಜೊತೆಗೆ ಕರಕುಶಲ ಅಭಿವೃದ್ಧಿ ನಿಗಮದ ಆಸರೆಯಿತ್ತು, ಕಾವೇರಿ ಮಳಿಗೆಯಂಥ ಮಾರಾಟದ ದಾರಿಯಿತ್ತು. ಮಡಕೆಗೆ ಆ ಆಸರೆ ಸಿಗಲಿಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ನಮ್ಮ ಮಕ್ಕಳನ್ನು ಕರೆದೊಯ್ದಾಗ, ಅಜ್ಜಿ ಮನೆಯಲ್ಲಿದ್ದಂಥ ಮಡಕೆಗಳನ್ನು ಅವರು ಹೊಸದಾಗಿ ಕಂಡವರಂತೆ ನೋಡಿದರು. ಆಗಲೇ ನಮಗೆ ಚುರುಕು ಮುಟ್ಟಿತು.

ಆಡಳಿತ ಮಂಡಳಿಯಲ್ಲಿ ಮಾತಾಡಿ, ಒಂದು ಬೇಸಿಗೆ ರಜೆಯಲ್ಲಿ ಸಭಾಂಗಣದ ಕುರ್ಚಿ ಸರಿಸಿ, ಗೋಣಿಚೀಲ ಹಾಸಿ ತಿಗರಿ ಇಟ್ಟೆವು. ಕುಂಬಾರ ಬೀದಿಯ ಹಿರಿಯರು ಮೊದಲು ಒಪ್ಪಲಿಲ್ಲ. "ನಮ್ ಮಕ್ಳೇ ಬ್ಯಾಡ ಅಂದ ಕೆಲ್ಸ, ನಿಮ್ ಮಕ್ಳಿಗ್ಯಾಕಪ್ಪ?" ಅಂದರು. ಆಮೇಲೆ ತಾವೇ ಮಣ್ಣು ನೆನೆಹಾಕಿ ಬಂದರು. ಎಲ್ಲಾ ಜಾತಿಯ ಮಕ್ಕಳೂ ಕೂತು ಕಲಿತರು. ಕಲ್ಲು ಆರಿಸುವುದು, ಮರಳು ಬೆರೆಸಿ ತುಳಿಯುವುದು, ಗಾಳಿ ಉಳಿಯದಂತೆ ನಾದುವುದು, ನೆರಳಲ್ಲಿ ಒಣಗಿಸುವುದು, ಎಲ್ಲಾ ಆದ ಮೇಲೇ ಆವಿಗೆ. ನಾವು ಅವಸರಪಟ್ಟು ಪೂರಾ ಒಣಗದ ಮಡಕೆ ಜೋಡಿಸಿದ್ದರಿಂದ ಮೊದಲ ಆವಿಗೆಯಲ್ಲಿ ಎಷ್ಟೋ ಸಿಡಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನೋ ಗಾದೆ ಮಕ್ಕಳಿಗೆ ಅವತ್ತು ಅರ್ಥವಾಯಿತು. ಎರಡನೇ ಸಲದ ಹಣತೆ, ಕುಡಿಕೆಗಳನ್ನು ಸದಸ್ಯರೇ ದೀಪಾವಳಿಗೆ ಕೊಂಡರು.

ಒಣಗಿದ ಮಡಕೆ ನೋಡಲು ಮಡಕೆಯೇ. ಆದರೆ ನೀರು ಬಿದ್ದರೆ ಮತ್ತೆ ಮಣ್ಣು. ಸುಟ್ಟ ಮೇಲಷ್ಟೇ ಅದು ನಿಲ್ಲುವುದು. ಬರೀ ತರಬೇತಿಯೂ ಹಾಗೆಯೇ. ತರಗತಿ ಸರ್ಕಾರ ಮಾಡಬಹುದು, ಆದರೆ ಕೆರೆ ಮಣ್ಣಿಗೆ ಪಂಚಾಯಿತಿಯ ಒಪ್ಪಿಗೆ ತರುವುದು, ಎಲ್ಲರಿಗೂ ಸೇರಿ ಒಂದು ಆವಿಗೆ ಕಟ್ಟುವುದು, ಗಣೇಶನ ಹಬ್ಬದ ಮಣ್ಣಿನ ಮೂರ್ತಿಗೂ ದೀಪಾವಳಿ ಹಣತೆಗೂ ಮುಂಚಿತವಾಗಿ ಬೇಡಿಕೆ ಹಿಡಿಯುವುದು, ಇವು ಸಂಘದ ಕೆಲಸ. ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಕುಂಬಾರರು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡಿದ್ದಾರೆ. ನಾವು ಅಷ್ಟು ದೊಡ್ಡದು ಕೇಳುತ್ತಿಲ್ಲ.

ನಮ್ಮ ಊರಲ್ಲಿ ತಿಗರಿ ತಿರುಗಿಸಬಲ್ಲ ಹಿರಿಯರು ಇನ್ನು ಇಬ್ಬರೇ ಉಳಿದಿದ್ದಾರೆ. ಬರುವ ಮಹಾಸಭೆಯಲ್ಲಿ ಆವಿಗೆಗೆ ಜಾಗದ ವಿಚಾರ ಇಡುತ್ತೇವೆ. ಸದಸ್ಯರು ತಪ್ಪದೆ ಬಂದು ಕೈ ಎತ್ತಬೇಕೆಂದು ನಮ್ಮ ವಿನಂತಿ.