ಉದರದೊಳಗಣ ಗಾಳಿ

ಕೃಷ್ಣಾತೀರದ ದಿಗ್ಗೇವಾಡಿಯಿಂದ ರಾಯಬಾಗ, ಚಿಕ್ಕೋಡಿ, ಅಥಣಿಗಳವರೆಗಿನ ಜನಕ್ಕೆ ದೊಡ್ಡ ಬೇನೆ ಬಂದರೆ ಬೆಳಗಾವಿಯ ದಾರಿ, ಇಲ್ಲವೆ ಮಿರಜದ ದಾರಿ. ಡಾಕ್ಟರ್ ವಾನ್ಲೆಸ್ಸರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ಶಸ್ತ್ರಕ್ರಿಯೆಯೆಂಬುದು ಈ ಸೀಮೆಗೆ ಅಪರಿಚಿತವಾಗಿ ಉಳಿದಿಲ್ಲ. ಬದಲಾದುದು ಅದರ ರೀತಿ. ಹಿಂದೆ ಗರ್ಭಕೋಶದ ಗಂಟನ್ನು ತೆಗೆಯಲು ಹೊಟ್ಟೆಯನ್ನು ಗೇಣುದ್ದ ಕೊಯ್ಯಬೇಕಾಗಿತ್ತು. ಇಂದು ಅನೇಕ ವೇಳೆ ಬೆರಳಗಲದ ನಾಲ್ಕಾರು ರಂಧ್ರಗಳೇ ಸಾಕು. ಜನ ಇದನ್ನು ದುರ್ಬೀನಿನ ಆಪರೇಷನ್ ಎಂದು ಕರೆಯುತ್ತಾರೆ. ಎಲ್ಲರೂ ದುರ್ಬೀನನ್ನು ಕೊಂಡಾಡುವರು. ಈಚೆಗೆ ರೋಬೋಟಿನ ಯಂತ್ರಬಾಹುಗಳನ್ನು ಕೊಂಡಾಡುವರು. ಆದರೆ ಈ ವಿದ್ಯೆ ಬೆಳೆದುಬಂದ ಕಥೆಯನ್ನು ನೋಡಿದರೆ, ರೋಗಿಯ ಕ್ಷೇಮಕ್ಕೆ ಕತ್ತರಿಯಷ್ಟೇ ಮುಖ್ಯವಾದುದು ಕಣ್ಣಿಗೆ ಕಾಣದ ಗಾಳಿ ಎಂಬುದು ತಿಳಿಯುತ್ತದೆ.

ಗಾಳಿ ಏತಕ್ಕೆ? ಹೊಟ್ಟೆಯ ಗೋಡೆಯೂ ಕರುಳುಗಳೂ ಮಡಿಸಿಟ್ಟ ಚೀಲದಂತೆ ಒಂದಕ್ಕೊಂದು ತಾಗಿರುತ್ತವೆ. ಗೋಡೆಯನ್ನು ಮೇಲೆತ್ತದೆ ಒಳಗೆ ನೋಡಲಾಗದು, ಕೈಯಾಡಿಸಲಾಗದು. ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ ಎಂಬ ವೈದ್ಯನು 1901ರಲ್ಲಿ ಹ್ಯಾಂಬುರ್ಗಿನ ವಿದ್ವತ್ಸಭೆಯೊಂದರಲ್ಲಿ ನಾಯಿಯ ಹೊಟ್ಟೆಗೆ ಹತ್ತಿಯಲ್ಲಿ ಸೋಸಿದ ಗಾಳಿಯನ್ನು ತುಂಬಿ, ಮೂತ್ರಕೋಶವನ್ನು ನೋಡುವ ನಳಿಗೆಯಿಂದ ಒಳಭಾಗವನ್ನು ವೀಕ್ಷಿಸಿ ತೋರಿಸಿದನು. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸನು ಮನುಷ್ಯರಲ್ಲಿ ಈ ಪರೀಕ್ಷೆಯನ್ನು ನಡೆಸಿ ವರದಿ ಬರೆದನು.

ಹೊರಗಿನ ಗಾಳಿ ಧರ್ಮಕ್ಕೆ ಸಿಗುವ ವಸ್ತು. ಆದರೆ ಅಪಾಯವೂ ಅದರಲ್ಲಿಯೇ ಇತ್ತು. ಗಾಳಿಯ ಬಹುಪಾಲು ಸಾರಜನಕ, ಅದು ರಕ್ತದಲ್ಲಿ ಬೇಗ ಕರಗದು. ಸೂಜಿ ತಪ್ಪಿ ರಕ್ತನಾಳವನ್ನು ಹೊಕ್ಕರೆ ಗಾಳಿಯ ಗುಳ್ಳೆಗಳು ಹೃದಯಕ್ಕೆ ನುಗ್ಗಿ, ನೊರೆಯಾಗಿ, ರಕ್ತದ ಹರಿವನ್ನೇ ತಡೆಯುತ್ತವೆ. ಅಂಥ ಹೃದಯಕ್ಕೆ ಕಿವಿಗೊಟ್ಟರೆ ನೀರಿನ ಗಿರಣಿಯ ಚಕ್ರ ತಿರುಗಿದಂಥ ಸದ್ದು ಕೇಳುವುದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಇನ್ನು ಆಮ್ಲಜನಕದ ಸಂಗತಿ. 1933ರಲ್ಲಿ ಜರ್ಮನಿಯ ಫರ್ವರ್ಸನು ಆಮ್ಲಜನಕ ತುಂಬಿದ ಹೊಟ್ಟೆಯಲ್ಲಿ ವಿದ್ಯುತ್ತಿನಿಂದ ಅಂಗಾಂಶವನ್ನು ಸುಡಹೊರಟಾಗ ಒಳಗೇ ಕಿಡಿ ಹಾರಿ ಸ್ಫೋಟವಾಯಿತು. ಪ್ರಾಣವಾಯುವೇ ಪ್ರಾಣಕ್ಕೆ ಎರವಾಗಬಲ್ಲದೆಂದು ಆಗ ಅರಿವಾಯಿತು.

ಸ್ವಿಟ್ಜರ್ಲೆಂಡಿನ ಜೋಲಿಕೋಫರನು 1924ರಲ್ಲಿಯೇ ಇಂಗಾಲಾಮ್ಲ ವಾಯುವನ್ನು ಸೂಚಿಸಿದ್ದನು. ಈ ಹೆಸರು ಸೊಗಸಾದುದು. ಇಂಗಳವೆಂದರೆ ಕೆಂಡ; ಆದರೆ ಈ ವಾಯು ತಾನು ಉರಿಯದು, ಉರಿಯುವುದನ್ನು ನಂದಿಸುವುದು. ರಕ್ತದಲ್ಲಿ ಬಲುಬೇಗ ಕರಗಿ ಉಸಿರಿನೊಡನೆ ಹೊರಬೀಳುವುದು. ಆದುದರಿಂದ ಕೊನೆಗೆ ಇದೇ ನೆಲೆನಿಂತಿತು. ಆದರೂ ಹೆಸರಿನೊಳಗಿನ ಆಮ್ಲವೆಂಬ ಮಾತು ಸುಳ್ಳಲ್ಲ: ಬಹಳ ಹೊತ್ತು ತುಂಬಿದರೆ ರಕ್ತ ಆಮ್ಲವಾಗುತ್ತ ಬರುತ್ತದೆ, ಹೃದಯದ ಗತಿ ಕೆಡಬಹುದು. ಇದಕ್ಕಾಗಿಯೇ ಅರಿವಳಿಕೆಯ ವೈದ್ಯರು ಹೊರಬರುವ ಉಸಿರಿನಲ್ಲಿ ಈ ವಾಯುವೆಷ್ಟಿದೆಯೆಂದು ಕ್ಷಣಕ್ಷಣವೂ ಯಂತ್ರದಲ್ಲಿ ನೋಡುತ್ತ, ಉಸಿರಾಟವನ್ನು ಹೆಚ್ಚಿಸುತ್ತಾರೆ.

ಯಾವ ವಾಯುವೆಂಬುದು ತೀರ್ಮಾನವಾದ ಮೇಲೆ ಎಷ್ಟು, ಹೇಗೆ ಎಂಬ ಪ್ರಶ್ನೆಗಳು ಉಳಿದವು. ಹಂಗೆರಿಯ ಯಾನೋಶ್ ವೆರೆಶ್ ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲೆಂದು ಸ್ಪ್ರಿಂಗುಳ್ಳ ಸೂಜಿಯೊಂದನ್ನು ಮಾಡಿ 1938ರಲ್ಲಿ ಪ್ರಕಟಿಸಿದನು. ಗೋಡೆಯನ್ನು ದಾಟಿದೊಡನೆ ಮೊಂಡು ತುದಿಯೊಂದು ಮುಂಚಾಚಿ ಒಳ ಅಂಗಗಳನ್ನು ಕಾಯುತ್ತದೆ. ಎದೆಗೆಂದು ಹುಟ್ಟಿದ ಆ ಸೂಜಿ ಇಂದು ಹೊಟ್ಟೆಯ ಕೆಲಸಕ್ಕೆ ಹೆಸರಾಗಿದೆ. ಪ್ಯಾರಿಸಿನ ಸ್ತ್ರೀರೋಗ ವೈದ್ಯ ರೌಲ್ ಪಾಮರ್ 1940ರ ದಶಕದಲ್ಲಿ ಹೊಟ್ಟೆಯೊಳಗಿನ ಒತ್ತಡವನ್ನು ಅಳೆಯುತ್ತಲೇ ಇರಬೇಕೆಂದು ಒತ್ತಿಹೇಳಿದನು. ಜರ್ಮನಿಯ ಕುರ್ಟ್ ಸೆಮ್ 1960ರ ದಶಕದಲ್ಲಿ ಒತ್ತಡವನ್ನು ತಾನಾಗಿಯೇ ಅಳೆದು ವಾಯುವನ್ನು ಬಿಡುವ ಯಂತ್ರವನ್ನು ರೂಪಿಸಿದನು. ಇಂದು ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರಿನ ಒತ್ತಡದಲ್ಲಿ ಕೆಲಸ ನಡೆಯುತ್ತದೆ. ಅಮೆರಿಕದ ಹ್ಯಾರಿ ರೀಚ್ 1988ರಲ್ಲಿ ದುರ್ಬೀನಿನ ಸಹಾಯದಿಂದ ಗರ್ಭಕೋಶವನ್ನೇ ತೆಗೆದನು. 2005ರಲ್ಲಿ ಆ ದೇಶವು ಸ್ತ್ರೀರೋಗ ಚಿಕಿತ್ಸೆಯಲ್ಲಿ ರೋಬೋಟಿಗೆ ಒಪ್ಪಿಗೆ ಕೊಟ್ಟಿತು.

ರೋಬೋಟ್ ಬಂದರೂ ಗಾಳಿಯ ಸ್ವಭಾವ ಬದಲಾಗಲಿಲ್ಲ. ಕೆಳಹೊಟ್ಟೆಯ ಕೆಲಸಕ್ಕಾಗಿ ರೋಗಿಯನ್ನು ತಲೆ ತಗ್ಗಾಗಿ ಮಲಗಿಸುತ್ತಾರೆ. ಆಗ ಕರುಳೂ ವಾಯುವೂ ವಪೆಯನ್ನು ಒತ್ತುವುದರಿಂದ ಶ್ವಾಸಕೋಶ ಅರಳುವುದು ಕಷ್ಟ. ವಾಯು ಚರ್ಮದಡಿಗೆ ಸೋರಿ ಎದೆ, ಕುತ್ತಿಗೆಗಳವರೆಗೆ ಊದಿಕೊಳ್ಳುವುದೂ ಉಂಟು. ಬೆರಳಿಟ್ಟರೆ ಚುರುಚುರು ಎನ್ನುತ್ತದೆ.

ಇಷ್ಟೆಲ್ಲ ಪಾಠ ಕಲಿತ ಮೇಲೆಯೂ 2014ರ ನವೆಂಬರಿನಲ್ಲಿ ಒಡಿಶಾದ ಅಂಗುಲ ಜಿಲ್ಲೆಯ ಸಂತಾನಹರಣ ಶಿಬಿರವೊಂದರಲ್ಲಿ ಐವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೊಟ್ಟೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಕೆಲ್ಲಿಂಗನು ಹತ್ತಿಯಲ್ಲಾದರೂ ಸೋಸಿದ್ದನು! ಬಡ ಹೆಣ್ಣುಮಕ್ಕಳ ಪಾಲಿಗೆ ನೂರು ವರ್ಷಗಳ ಚರಿತ್ರೆ ನಡೆದೇ ಇರಲಿಲ್ಲವೆಂಬಂತಾಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಹೇಳಿತು.

ಮನೆಯವರು ತಿಳಿದಿರಬೇಕಾದ ಮಾತೊಂದಿದೆ. ಶಸ್ತ್ರಕ್ರಿಯೆ ಮುಗಿಸಿ ಬಂದ ಹೆಂಗಸು "ಹೊಟ್ಟೆ ಕೊಯ್ದರೆ ಹೆಗಲೇಕೆ ನೋಯುತ್ತದೆ?" ಎಂದು ಕೇಳಿದರೆ ನಗಬಾರದು. ವಪೆಯ ನರವೂ ಹೆಗಲಿನ ನರವೂ ಕುತ್ತಿಗೆಯ ಒಂದೇ ನೆಲೆಯಿಂದ ಹೊರಟವು. ಉಳಿದ ವಾಯು ವಪೆಯನ್ನು ಕೆಣಕಿದಾಗ ನೋವು ಹೆಗಲಲ್ಲಿ ತೋರುತ್ತದೆ. ಒಂದೆರಡು ದಿನಗಳಲ್ಲಿ ಅದು ಸಾಮಾನ್ಯವಾಗಿ ಇಳಿದುಹೋಗುತ್ತದೆ. ಆದರೆ ಉಸಿರು ಕಟ್ಟಿದರೆ, ಎದೆ ನೊಂದರೆ, ಕಣ್ಣು ಕತ್ತಲೆಗಟ್ಟಿದರೆ, ಕುತ್ತಿಗೆ ಊದಿಕೊಂಡರೆ ತಡಮಾಡದೆ ವೈದ್ಯರನ್ನು ಕರೆಯಬೇಕು. ಹೆಗಲು ನೋವೆಂದವಳಿಗೆ ಸಮಾಧಾನ ಹೇಳುವುದೂ, ಉಸಿರು ಕಟ್ಟುತ್ತಿದೆಯೆಂದವಳ ಮಾತನ್ನು ಕೂಡಲೆ ನಂಬುವುದೂ ಮನೆಯವರ ಕೈಯಲ್ಲಿದೆ.