ಬಿಸಿಲೂರಾಗ ಬಿಸಿಲಿಗೇ ಬರ

ಇವತ್ತಿನ ಇತಿಹಾಸದ ಕಥೆ ಶುರುವಾಗೋದು ರಾಯಚೂರಿನ ಒಂದು ಆಸ್ಪತ್ರೆ ವಾರ್ಡಿನಿಂದ.

ಹೋದ ವರ್ಷ ಏಪ್ರಿಲ್‌ನಲ್ಲಿ ಕಲ್ಲೂರಿನ ನಮ್ಮಜ್ಜಿ ಬಚ್ಚಲದಾಗ ಜಾರಿ ಬಿದ್ದು ತೊಡೆ ಎಲುಬು ಮುರಕೊಂಡ್ಲು. ರಕ್ತದ ರಿಪೋರ್ಟ್ ಬಂತು: ವಿಟಮಿನ್ ಡಿ 9. ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಇದ್ರೆ ಕೊರತೆ ಅಂತ ಲೆಕ್ಕ. ನಮ್ಮ ಕಾಕಾಗೆ ನಂಬಿಕೆನೇ ಬರಲಿಲ್ಲ. "ಸರ್, ಹೊರಗ 42 ಡಿಗ್ರಿ ಐತಿ. ರಾಯಚೂರಾಗ ಬಿಸಿಲಿಗೂ ಬರ ಬಂತೇನ್ರಿ?" ಡಾಕ್ಟರ್ ನಕ್ಕರು. "ಬಿಸಿಲು ಹೊರಗೈತ್ರಿ, ಅಜ್ಜಿ ಒಳಗದಾರ."

ಆ ಒಂದು ಮಾತಿನ ಹಿಂದೆ ನೂರು ವರ್ಷದ ಇತಿಹಾಸ ಇದೆ.

1918-19ರ ಚಳಿಗಾಲ, ಬರ್ಲಿನ್. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಮಕ್ಕಳ ಕಾಲು ಬಿಲ್ಲಿನ ಹಾಗೆ ಬಾಗೋ ರಿಕೆಟ್ಸ್ ರೋಗ ಊರೆಲ್ಲ ಇತ್ತು. ಕುರ್ಟ್ ಹುಲ್ಡ್‌ಶಿನ್‌ಸ್ಕಿ ಅನ್ನೋ ಮಕ್ಕಳ ಡಾಕ್ಟರ್ ನಾಲ್ಕು ಮಕ್ಕಳಿಗೆ ಪಾದರಸ ದೀಪದ ಅತಿನೇರಳೆ ಬೆಳಕು ಕೊಟ್ಟರು. ಎಲುಬು ಗಟ್ಟಿಯಾಗಿದ್ದು ಎಕ್ಸ್‌ರೇಯಲ್ಲಿ ಕಂಡಿತು. ಆಮೇಲೆ ಅವರು ಮಾಡಿದ ಕೆಲಸ ಕೇಳಿ: ಮಗುವಿನ ಒಂದೇ ಕೈಗೆ ಬೆಳಕು ಬಿಟ್ಟರು. ವಾಸಿಯಾಗಿದ್ದು ಎರಡೂ ಕೈ! ಅಂದ್ರೆ ಚರ್ಮದಲ್ಲಿ ಏನೋ ತಯಾರಾಗಿ, ರಕ್ತದ ಜೊತೆ ಮೈಯೆಲ್ಲ ಓಡಾಡ್ತದೆ. ಅದಕ್ಕೆ ವಿಟಮಿನ್ ಡಿ ಅಂತ ಹೆಸರು ಬಿದ್ದಿದ್ದು ಆಮೇಲೆ.

ನಮ್ಮ ದೇಶದಲ್ಲೂ ಈ ಸುಳಿವು ಆಗಲೇ ಸಿಕ್ಕಿತ್ತು. 1922ರಲ್ಲಿ ಹಚಿಸನ್ ಮತ್ತು ಷಾ ನಾಸಿಕ್‌ನ ಬಗ್ಗೆ ಬರೆದರು. ರಿಕೆಟ್ಸ್ ಕಂಡಿದ್ದು ಚೆನ್ನಾಗಿ ಉಂಡುಟ್ಟು, ಪರದೆಯೊಳಗೆ ಇರೋ ಮನೆತನಗಳಲ್ಲಿ. ಅರೆಹೊಟ್ಟೆಯಲ್ಲಿ ಹೊರಗೆ ದುಡಿಯೋ ಬಡವರ ಮಕ್ಕಳಲ್ಲಿ ಅಲ್ಲ.

ಇಷ್ಟಾದರೂ ಆಸ್ಪತ್ರೆಗೆ ಬರೋ ದೊಡ್ಡವರನ್ನ ಬಹಳ ಕಾಲ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1998ರಲ್ಲಿ ಬೋಸ್ಟನ್‌ನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ಲೆಕ್ಕ ಹೊರಬಂತು. ವಾರ್ಡಿಗೆ ದಾಖಲಾದ 290 ರೋಗಿಗಳಲ್ಲಿ 57% ಜನಕ್ಕೆ ಕೊರತೆ, 22% ಜನಕ್ಕೆ ತೀವ್ರ ಕೊರತೆ. ಕಾರಣಗಳು: ಮನೆಯಿಂದ ಹೊರಗೆ ಬರದಿರೋದು, ಚಳಿಗಾಲ, ಆಹಾರದಲ್ಲಿ ಡಿ ಕಡಿಮೆ ಇರೋದು.

ಅದು ಚಳಿ ದೇಶ ಬಿಡ್ರಿ ಅಂತೀರಾ? 2000ದಲ್ಲಿ ದಿಲ್ಲಿಯ ಏಮ್ಸ್‌ನ ರವೀಂದರ್ ಗೋಸ್ವಾಮಿ ಅವರ ತಂಡ ಆರೋಗ್ಯವಂತರನ್ನೇ ಪರೀಕ್ಷಿಸಿತು. ಬಯಲಲ್ಲಿರೋ ಸೈನಿಕರು ಪರವಾಗಿಲ್ಲ. ಡಾಕ್ಟರ್, ನರ್ಸ್‌ಗಳದ್ದೇ ಕಡಿಮೆ! ನಮಗೆ ಹತ್ತಿರದ ತಿರುಪತಿಯಲ್ಲಿ ಹರಿನಾರಾಯಣ್ ಅವರ ತಂಡ ನೋಡಿದಾಗ, ಹಳ್ಳಿಯವರ ಮಟ್ಟ ಪಟ್ಟಣದವರಿಗಿಂತ ಮೇಲಿತ್ತು. ಆದರೂ ಸಾಕಾಗುವಷ್ಟಿರಲಿಲ್ಲ.

ಈಗ ನಮ್ಮಜ್ಜಿ. ನಲವತ್ತು ವರ್ಷ ಹತ್ತಿ ಹೊಲದಾಗ ದುಡಿದಾಕಿ. ಮೊಣಕಾಲು ಹಿಡಿದ ಮೇಲೆ "ಬಿಸಿಲಿಗೆ ಹೋಗಬ್ಯಾಡ" ಅಂತ ನಾವೇ ಒಳಗಿನ ಕೋಣೆಗೆ ಹಾಸಿಗೆ ಹಾಕಿದ್ವಿ. ಪ್ರೀತಿಯಿಂದಲೇ. ಆರು ವರ್ಷ ಆಯ್ತು. ಕಿಟಕಿ ಗಾಜಿನಿಂದ ಬೆಳಕು ಬರ್ತದೆ, ಡಿ ತಯಾರಿಸೋ ಕಿರಣ ಬರೋದಿಲ್ಲ. ಎಳೆಬಿಸಿಲಲ್ಲೂ ಅದು ತೀರಾ ಕಡಿಮೆ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು, ವಯಸ್ಸಾದಂತೆ ಚರ್ಮದ ಶಕ್ತಿನೂ ಕುಗ್ತದೆ. ಲಿವರ್, ಕಿಡ್ನಿ ಕೆಟ್ಟಿದ್ರೆ, ಫಿಟ್ಸ್‌ನ ಕೆಲವು ಮಾತ್ರೆ ತಗೊಳ್ತಿದ್ರೆ ಅದರ ಲೆಕ್ಕ ಬೇರೆ.

ಇನ್ನೊಂದು ವಿಷಯ. ನಾನು ಬಿ.ಕಾಂ. ಓದಿದವನು. ಒಂದು ದಿನದ ಬಾಕಿ ನೋಡಿ ಇಡೀ ವರ್ಷದ ವ್ಯವಹಾರ ಹೇಳಬಾರದು ಅಂತ ಗೊತ್ತು. ಮೈಯಲ್ಲಿ ಉರಿಯೂತ ಎದ್ದಾಗ ರಕ್ತದ ಡಿ ಮಟ್ಟನೇ ಇಳಿದು ಕಾಣ್ತದೆ. ಮೊಣಕಾಲಿನ ಕೀಲು ಬದಲಿಸಿದವರಲ್ಲಿ ಆಪರೇಷನ್ ಆದ ಕೆಲವೇ ದಿನದಲ್ಲಿ ಹೀಗಾಗಿದ್ದನ್ನ 2011ರ ಅಧ್ಯಯನವೊಂದು ತೋರಿಸಿತು. ಅಜ್ಜಿಯ 9ರಲ್ಲಿ ಮುರಿದ ಎಲುಬಿನ ಪಾಲೂ ಇರಬಹುದು. ಅದಕ್ಕೇ ಡಾಕ್ಟರ್ ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಬರೆದರು. ಅಲ್ಲೀತನಕ ವಾರಕ್ಕೊಂದು ಪುಡಿ. ಮೆಡಿಕಲ್ ಶಾಪಿನಿಂದ ನೀವೇ ಹೆಚ್ಚಿಗೆ ತಂದು ಕೊಡಬ್ಯಾಡ್ರಿ, ರಕ್ತದಾಗ ಕ್ಯಾಲ್ಸಿಯಂ ಏರ್ತದ ಅಂತ ಎರಡು ಸಲ ಹೇಳಿದರು.

ಈಗ ದಿನಾ ಹತ್ತು ಗಂಟೆಗೆ ಅಜ್ಜಿನ ಹಿಡಕೊಂಡು ಹೋಗಿ ಕಟ್ಟಿ ಮ್ಯಾಲ ಕೂಡಿಸ್ತೀವಿ. ಸ್ವಲ್ಪ ಹೊತ್ತು ಅಷ್ಟೇ, ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಮೊದಲ ದಿನ ಸೆರಗು ಸರಿಸಿ ಕೈ ಚಾಚಿ ಕುಂತು ಅಂದ್ಲು: "ಆರು ವರ್ಷದಿಂದ ಹೊರಗ ಬಿಡ್ರೋ ಅಂತ ಬಡಕೊಂಡೆ. ನಿಮಗ ಡಾಕ್ಟ್ರು ಹೇಳಬೇಕಾತು."